ಕುನಿರ್ ಅಸೆಮ್ ಕುದಿದು ಆರುವಷ್ಟರಲ್ಲಿ: ಜಾವಾದ ಮನೆಮದ್ದು, ಮೈಲೇಪ, ಕೂದಲಿನ ಹೊಗೆ

[ದೃಶ್ಯ: ಅಡುಗೆಮನೆ. ಮಣೆಯ ಮೇಲೆ ಹಸಿ ಅರಿಶಿನದ ಕೊಂಬು, ಹುಣಸೆಹಣ್ಣು, ಬೆಲ್ಲ. ಒಲೆಯ ಮೇಲೆ ನೀರು.]

ನಮಸ್ಕಾರ. ಮೊದಲು ಒಲೆ ಹಚ್ಚೋಣ, ಮಾತು ಆಮೇಲೆ. ಇವತ್ತಿನ ಪಾನೀಯ ಕುದಿಯಬೇಕು, ಆರಬೇಕು, ಸೋಸಬೇಕು. ಅಷ್ಟು ಹೊತ್ತಿನಲ್ಲಿ ನಿಮ್ಮನ್ನು ಇಂಡೊನೇಷ್ಯಾದ ಜಾವಾ ದ್ವೀಪದ ಮನೆಗಳೊಳಗೆ ಕರೆದುಕೊಂಡು ಹೋಗಿ ಬರುತ್ತೇನೆ.

ಇದು ಒಂದು ಲೀಟರ್ ನೀರು. ತೊಳೆದು ತುರಿದ ಹಸಿ ಅರಿಶಿನ 100 ಗ್ರಾಂ. ದೊಡ್ಡ ನಿಂಬೆಹಣ್ಣಿನ ಗಾತ್ರದ ಹುಣಸೆ. ಒಂದು ಹಿಡಿ ಬೆಲ್ಲ, ಚಿಟಿಕೆ ಉಪ್ಪು. ಎಲ್ಲ ಒಟ್ಟಿಗೆ ಹಾಕಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಪಾತ್ರೆ ಸ್ಟೀಲಿನದು ಅಥವಾ ಮಣ್ಣಿನದು ಇರಲಿ. ಹುಣಸೆಯ ಹುಳಿ ಅಲ್ಯೂಮಿನಿಯಂ ಪಾತ್ರೆಯನ್ನೂ ತಿನ್ನುತ್ತದೆ, ಕಲಾಯಿ ಇಲ್ಲದ ಹಿತ್ತಾಳೆಯನ್ನೂ ತಿನ್ನುತ್ತದೆ. ಜಾವಾದ ಹಳೆ ಮನೆಗಳಲ್ಲೂ ಇಂಥದ್ದನ್ನು ಕುದಿಸಲು ಕ್ವಾಲಿ ಎಂಬ ಮಣ್ಣಿನ ಗಡಿಗೆ ಬಳಸುತ್ತಿದ್ದರು.

ಇದರ ಹೆಸರು ಕುನಿರ್ ಅಸೆಮ್. ಜಾವಾ ಮಾತಿನಲ್ಲಿ ಕುನಿರ್ ಅಂದರೆ ಅರಿಶಿನ, ಅಸೆಮ್ ಅಂದರೆ ಹುಣಸೆ. ಹುಣಸೆಯ ಹೆಸರಿನಲ್ಲೇ ಒಂದು ಚಂದದ ವಿಷಯ ಇದೆ. ಅರಬರು ಅದನ್ನು ತಮರ್ ಹಿಂದಿ ಅಂದರು, ಭಾರತದ ಖರ್ಜೂರ ಅಂತ. ಇಂಡೊನೇಷ್ಯಾದವರು ಅದನ್ನೇ ಅಸಮ್ ಜಾವಾ ಅನ್ನುತ್ತಾರೆ, ಜಾವಾದ ಹುಳಿ ಅಂತ. ಮರ ಮೂಲದಲ್ಲಿ ಆಫ್ರಿಕಾದ್ದು. ಎರಡೂ ಕಡೆಯ ಅಡುಗೆಮನೆಗೆ ಅದು ಬಂದು ಎಷ್ಟು ಕಾಲವಾಗಿದೆಯೆಂದರೆ, ಅದು ಹೊರಗಿನದು ಅಂತ ಯಾರಿಗೂ ಅನಿಸುವುದೇ ಇಲ್ಲ, ಅಲ್ವಾ?

[ದೃಶ್ಯ: ಬೆಳಗಿನ ಬೀದಿ. ಬೆನ್ನಿಗೆ ಬಿದಿರಿನ ಬುಟ್ಟಿ ಕಟ್ಟಿಕೊಂಡ ಹೆಂಗಸು, ಬುಟ್ಟಿಯಲ್ಲಿ ಬಾಟಲಿಗಳ ಸಾಲು.]

ಇವರು ಜಾಮು ಗೆಂಡೋಂಗ್. ಗಿಡಮೂಲಿಕೆಯ ಪಾನೀಯಕ್ಕೆ ಜಾಮು ಅನ್ನುತ್ತಾರೆ. ಬಟ್ಟೆಯಲ್ಲಿ ಕಟ್ಟಿ ಬೆನ್ನ ಮೇಲೆ ಹೊರುವುದಕ್ಕೆ ಗೆಂಡೋಂಗ್. ನಸುಕಿಗೆ ಎದ್ದು ಅರೆದು, ಹಿಂಡಿ, ಬಾಟಲಿಗೆ ತುಂಬಿ, ಬೆಳಗಾಗುವಷ್ಟರಲ್ಲಿ ಬೀದಿಗೆ ಬರುತ್ತಾರೆ. ಮಧ್ಯ ಜಾವಾದ ಸೋಲೋ ಪಟ್ಟಣದ ಪಕ್ಕದ ಸುಕೊಹಾರ್ಜೊ ಜಿಲ್ಲೆ ಈ ಕಸುಬಿಗೆ ಹೆಸರುವಾಸಿ. ಜಕಾರ್ತಾದ ಗಲ್ಲಿಗಳಲ್ಲಿ ಜಾಮು ಮಾರುವ ಎಷ್ಟೋ ಹೆಂಗಸರ ತವರು ಅದು. ಅಲ್ಲಿನ ಙುತೆರ್ ಎಂಬ ಊರಲ್ಲಿ ಜಾಮು ಸಾಮಾನಿಗೆ ಅಂತಲೇ ಒಂದು ಮಾರುಕಟ್ಟೆ ಇದೆ.

ಅವರ ಬುಟ್ಟಿಯಲ್ಲಿ ಕುನಿರ್ ಅಸೆಮ್ ಜೊತೆಗೆ ಬೆರಾಸ್ ಕೆಂಚುರ್ ಇರುತ್ತದೆ. ನೆನೆಸಿದ ಅಕ್ಕಿಯನ್ನು ಕೆಂಚುರ್ ಎಂಬ ಘಮಘಮಿಸುವ ಗೆಡ್ಡೆಯ ಜೊತೆ ಅರೆದು, ಬೆಲ್ಲ ಸೇರಿಸಿದ ಪಾನೀಯ ಅದು. ಮಲಯಾಳಿಗಳು ಕಚ್ಚೋಲಂ ಅನ್ನುವುದು ಇದೇ ಗೆಡ್ಡೆಗೆ. ಪಹಿತಾನ್ ಅಂತ ಇನ್ನೊಂದು ಬಾಟಲಿ ಇರುತ್ತದೆ. ಪಹಿತ್ ಅಂದರೆ ಕಹಿ. ಅದರಲ್ಲಿರುವ ಸಂಬಿಲೋತೊ ನಮ್ಮ ನೆಲಬೇವು. ಕೆಲವರು ಬ್ರೊತೊವಾಲಿ ಬಳ್ಳಿಯನ್ನೂ ಹಾಕುತ್ತಾರೆ, ಅದು ಅಮೃತಬಳ್ಳಿಯ ಹತ್ತಿರದ ನೆಂಟ. ಕಹಿ ಲೋಟ ಕುಡಿದವರಿಗೆ ಮಾರುವಾಕೆ ಹಿಂದೆಯೇ ಸಿಹಿ ಬೆರಾಸ್ ಕೆಂಚುರ್ ಅಥವಾ ಶುಂಠಿ ನೀರು ಕೊಡುತ್ತಾಳೆ, ಬಾಯಿ ಸರಿಹೋಗಲಿ ಅಂತ. ನನಗೆ ಈ ಎರಡನೇ ಲೋಟ ತುಂಬಾ ಇಷ್ಟವಾಯಿತು. ಮದ್ದು ಕೊಡುವವರಿಗೆ ಕುಡಿಯುವವರ ನಾಲಿಗೆಯ ಮೇಲೂ ಕರುಣೆ ಇದೆ.

2023ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ಜಾಮು ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. ಮಧ್ಯ ಜಾವಾದಲ್ಲಿರುವ 9ನೇ ಶತಮಾನದ ಬೊರೊಬುದುರ್ ಬೌದ್ಧ ಸ್ತೂಪದ ಕೆಳಗೆ, ಕಲ್ಲುಕಟ್ಟಡದ ಹಿಂದೆ ಮುಚ್ಚಿಹೋದ ತಳಪಾದಿಯಲ್ಲಿ 160 ಕೆತ್ತನೆಗಳಿವೆ. ಅದರಲ್ಲೊಂದರಲ್ಲಿ ಕಾಯಿಲೆಯವನ ಸುತ್ತ ಜನ ಕೂತು ತಲೆ, ಕೈಕಾಲು ತಿಕ್ಕುತ್ತಿದ್ದಾರೆ. ಜಾವಾದಲ್ಲಿ ಮದ್ದಿಗೆ ಉಸಾದ ಎಂಬ ಹಳೆಯ ಮಾತಿದೆ. ನಮ್ಮ ಔಷಧ ಎಂಬ ಪದವೇ ಸಮುದ್ರ ದಾಟಿ ಹಾಗಾಗಿದೆ. ಮಲ್ಲಿಗೆಗೆ ಅವರು ಮೆಲಾತಿ ಅನ್ನುತ್ತಾರೆ, ಅದು ಮಾಲತಿ. ಸಂಪಿಗೆ ಚೆಂಪಾಕ, ಗಂಧ ಚೆಂದಾನ. ಗಂಧದ ಮಾತು ಬಂತು ಅಂತ ಹೇಳುತ್ತೇನೆ, ಪೂರ್ವ ಇಂಡೊನೇಷ್ಯಾದ ತಿಮೋರ್ ದ್ವೀಪದಲ್ಲಿ ಬೆಳೆಯುವ ಶ್ರೀಗಂಧವೂ ಮೈಸೂರು ಸೀಮೆಯ ಶ್ರೀಗಂಧವೂ ಒಂದೇ ಜಾತಿಯ ಮರ.

[ದೃಶ್ಯ: ಬಟ್ಟಲಲ್ಲಿ ಅಕ್ಕಿಹಿಟ್ಟು, ಅರಿಶಿನ, ಗಂಧದ ಪುಡಿ.]

ಈಗ ಲುಲುರ್. ನೀವು ಈ ಹೆಸರನ್ನು ಸ್ಪಾಗಳ ಬೋರ್ಡಿನಲ್ಲಿ ನೋಡಿರಬಹುದು. ಇದು ಮೈಗೆ ಹಚ್ಚಿ ಉಜ್ಜುವ ಲೇಪ. ಯೋಗ್ಯಕರ್ತ ಮತ್ತು ಸುರಕರ್ತದ ಅರಮನೆಗಳಲ್ಲಿ ಅರಸು ಮನೆತನದ ಹೆಣ್ಣುಮಕ್ಕಳು ಇದನ್ನು ಬಳಸುತ್ತಿದ್ದರು. ಅಲ್ಲಿಯ ತಿಳಿವಳಿಕೆ ಪೇಟೆಗೆ ಬಂದದ್ದು ಇತ್ತೀಚೆಗೆ. ಸುರಕರ್ತದ ಅರಸ ಹತ್ತನೇ ಪಾಕುಬುವೊನೊ ಅವರ ಮೊಮ್ಮಗಳು ಮೂರ್ಯಾತಿ ಸೂದಿಬ್ಯೊ. 1928ರಲ್ಲಿ ಹುಟ್ಟಿ ಅರಮನೆಯೊಳಗೇ ಬೆಳೆದವರು. ಅಲ್ಲಿ ಕಲಿತ ಜಾಮು ಮತ್ತು ಲೇಪಗಳನ್ನು ಇಟ್ಟುಕೊಂಡು 1970ರ ದಶಕದಲ್ಲಿ ಮುಸ್ತಿಕಾ ರಾತು ಕಂಪನಿ ಶುರು ಮಾಡಿದರು. 2024ರಲ್ಲಿ ತೀರಿಕೊಂಡರು.

ಆದರೆ ಲುಲುರ್ ನಿಜವಾಗಿ ಸೇರಿದ್ದು ಮದುವೆ ಮನೆಗೆ. ಹಿಂದೆ ಮದುಮಗಳನ್ನು ಮದುವೆಗೆ ಮುಂಚೆ ನಲವತ್ತು ದಿನದವರೆಗೂ ಮನೆಯೊಳಗೇ ಇರಿಸುತ್ತಿದ್ದರು. ಇದಕ್ಕೆ ಪಿಂಗಿತಾನ್ ಎನ್ನುತ್ತಾರೆ. ಈಗ ಕೆಲಸಕ್ಕೆ ಹೋಗುವ ಹುಡುಗಿಯರಿಗೆ ಕೆಲವೇ ದಿನಕ್ಕೆ ಇಳಿದಿದೆ. ಆ ದಿನಗಳಲ್ಲಿ ಮೈಗೆ ಲುಲುರ್, ಕುಡಿಯಲು ಜಾಮು, ಕೂದಲಿಗೆ ಹೊಗೆ. ಇದೇ ಮಾತಿಗೆ ಇನ್ನೊಂದು ಮುಖವೂ ಇದೆ. ಹೆಣ್ಣುಮಕ್ಕಳ ಓದಿಗಾಗಿ ದನಿ ಎತ್ತಿದ ಜಪಾರಾದ ಕಾರ್ತಿನಿಯನ್ನು ಹನ್ನೆರಡನೇ ವಯಸ್ಸಿಗೇ ಶಾಲೆ ಬಿಡಿಸಿ ಹೀಗೆ ಮನೆಯೊಳಗೆ ಕೂರಿಸಿದ್ದರು. ಲೇಪದ ಘಮದ ಬಗ್ಗೆ ಹೇಳುವಾಗ ಆ ಮುಚ್ಚಿದ ಬಾಗಿಲನ್ನು ಬಿಟ್ಟು ಹೇಳಲು ನನಗೆ ಮನಸ್ಸಾಗುವುದಿಲ್ಲ.

ಮದುವೆಯ ಹಿಂದಿನ ದಿನ ಸಿರಾಮಾನ್, ಹೂವಿನ ನೀರಿನ ಸ್ನಾನ. ಏಳು ಕಡೆಯಿಂದ ನೀರು ತರುತ್ತಾರೆ, ಸಾಮಾನ್ಯವಾಗಿ ಏಳು ಜನ ಹಿರಿಯರು ಸುರಿಯುತ್ತಾರೆ. ಜಾವಾ ಮಾತಿನಲ್ಲಿ ಏಳಕ್ಕೆ ಪಿತು, ನೆರವಿಗೆ ಪಿತುಲುಂಗಾನ್. ಆ ದನಿಯ ಹೋಲಿಕೆಯಿಂದ ಏಳು ಎಂಬುದೇ ಹಾರೈಕೆ. ಕೊನೆಗೆ ಮಣ್ಣಿನ ಹೂಜಿಯನ್ನು ನೆಲಕ್ಕೆ ಒಡೆದು 'ವಿಸ್ ಪೆಚಾ ಪಮೋರೆ' ಅನ್ನುತ್ತಾರೆ. ಇವಳ ಕಳೆ ಈಗ ಹೊರಗೆ ಬಂತು, ಅಂತ ಅರ್ಥ. ಆ ರಾತ್ರಿಗೆ ಮಿದೊದರೆನಿ ಎಂದು ಹೆಸರು. ದೇವಕನ್ಯೆಯರು ಬಂದು ಮದುಮಗಳಿಗೆ ಚೆಲುವು ಕೊಟ್ಟು ಹೋಗುತ್ತಾರೆ ಎಂಬ ನಂಬಿಕೆ. ನಮ್ಮ ವಿದ್ಯಾಧರಿ ಎಂಬ ಪದವೇ ಅಲ್ಲಿ ವಿದೊದರಿ ಆಗಿ, ಅದರಿಂದ ಈ ಹೆಸರು ಬಂದಿದೆ.

ಲುಲುರ್ ಮನೆಯಲ್ಲಿ ಮಾಡುವುದು ಕಷ್ಟವೇನಿಲ್ಲ. ಅಕ್ಕಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಬಸಿದು ಒಣಗಿಸಿ, ಸ್ವಲ್ಪ ತರಿತರಿಯಾಗಿ ಪುಡಿ ಮಾಡಿ. ನಾಲ್ಕು ಚಮಚ ಅಕ್ಕಿಪುಡಿಗೆ ಅರ್ಧ ಚಮಚ ಅರಿಶಿನ, ಒಂದು ಚಮಚ ಗಂಧದ ಪುಡಿ. ಜಾವಾದಲ್ಲಿ ತೆಮು ಗಿರಿಂಗ್ ಎಂಬ ಅರಿಶಿನದ ಜಾತಿಯ ಗೆಡ್ಡೆ ಹಾಕುತ್ತಾರೆ. ಅದು ಇಲ್ಲಿ ಸಿಗುವುದಿಲ್ಲ, ನಾನು ಕಸ್ತೂರಿ ಅರಿಶಿನ ಬಳಸಿದ್ದೇನೆ. ಅದರ ಬಣ್ಣ ಮೈಗೆ, ಟವೆಲ್ಲಿಗೆ ಅಷ್ಟಾಗಿ ಹತ್ತುವುದಿಲ್ಲ. ಮಲ್ಲಿಗೆ ನೆನೆಸಿದ ನೀರಿನಲ್ಲಿ ಕಲಸಿ. ಮೈಗೆ ಹಚ್ಚಿ, ಅರ್ಧ ಒಣಗುವವರೆಗೆ ಬಿಡಿ. ಪೂರ್ತಿ ಒಣಗಿದರೆ ಚರ್ಮ ಎಳೆಯುತ್ತದೆ. ಆಮೇಲೆ ಅಂಗೈಯಿಂದ ಮೆಲ್ಲಗೆ ಉಜ್ಜಿದರೆ ಸಣ್ಣ ಸಣ್ಣ ಎಳೆಯಾಗಿ ಉರುಳಿ ಬರುತ್ತದೆ. ಅದರ ಜೊತೆ ಸತ್ತ ಚರ್ಮವೂ ಕೊಳೆಯೂ ಬರುತ್ತದೆ. ಬೆಚ್ಚಗಿನ ನೀರು ಸುರಿದುಕೊಳ್ಳಿ, ಮೈ ಇನ್ನೂ ಒದ್ದೆ ಇರುವಾಗಲೇ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿ. ವಾರಕ್ಕೊಮ್ಮೆ ಸಾಕು. ಗಾಯ, ತುರಿಕೆ, ಮೊಡವೆ ಇರುವ ಕಡೆ ಬೇಡ. ಮೊದಲ ಸಲವಾದರೆ ಮುಂಗೈ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಲುಲುರ್ ಹಚ್ಚಿದರೆ ಬೆಳ್ಳಗಾಗುತ್ತೀರಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಜಾವಾದ ಹಳೆಯ ಮೆಚ್ಚುಗೆಯ ಮೈಬಣ್ಣಕ್ಕೆ ಕುನಿಂಗ್ ಲಂಗ್ಸಾತ್ ಅನ್ನುತ್ತಾರೆ. ಲಂಗ್ಸಾತ್ ಹಣ್ಣಿನ ಸಿಪ್ಪೆಯಂಥ ತಿಳಿ ಹಳದಿ. ಅರಿಶಿನದಿಂದ ಮೈ ಮೇಲೆ ಒಂದೆರಡು ದಿನ ಕೂರುವ ಹೊಂಬಣ್ಣವೂ ಆ ಮೆಚ್ಚುಗೆಯ ಭಾಗ. ಉಜ್ಜಿದ್ದರಿಂದ ಚರ್ಮ ನುಣುಪಾಗುತ್ತದೆ, ನುಣುಪಾದ ಚರ್ಮದ ಮೇಲೆ ಬೆಳಕು ಚೆನ್ನಾಗಿ ಕಾಣುತ್ತದೆ. ಅದು ಸಾಕಲ್ವಾ? ನಿಮ್ಮ ಬಣ್ಣ ನಿಮ್ಮದೇ ಆಗಿ ಉಳಿಯುತ್ತದೆ.

[ದೃಶ್ಯ: ಕೆಂಡದ ಮೇಲೆ ಬುಟ್ಟಿ ಬೋರಲು, ಅದರ ಮೇಲೆ ಹರಡಿದ ಒದ್ದೆ ಕೂದಲು.]

ಕೂದಲಿಗೆ ಬರೋಣ. ಹಳೆಯ ಕಾಲದ ಜಾವಾ ಶಾಂಪೂ ಭತ್ತದ ಹುಲ್ಲಿನದು. ಒಣಗಿದ ಭತ್ತದ ಕಡ್ಡಿಗೆ ಅವರು ಮೆರಾಂಗ್ ಅನ್ನುತ್ತಾರೆ. ಅದನ್ನು ಸುಟ್ಟು, ಬೂದಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ತಿಳಿಯನ್ನು ಸೋಸಿ ತಲೆ ತೊಳೆಯುತ್ತಿದ್ದರು. ಬೂದಿನೀರು ಕ್ಷಾರ, ಹಾಗಾಗಿ ಎಣ್ಣೆಜಿಡ್ಡು ಬಿಡುತ್ತದೆ. ಆಮೇಲೆ ಹೂವು, ಸುವಾಸನೆಯ ಪಂದನ್ ಎಲೆ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ. ಅವರು ಉರಾಂಗ್ ಆರಿಂಗ್ ಅನ್ನುವ ಸೊಪ್ಪು ಹಾಕಿಯೂ ತಲೆ ಎಣ್ಣೆ ಮಾಡುತ್ತಾರೆ. ಅದು ನಮ್ಮ ಗದ್ದೆ ಬದುವಿನಲ್ಲಿ ಬೆಳೆಯುವ ಗರುಗದ ಸೊಪ್ಪೇ.

ಹೊಗೆಗೆ ರಾತುಸ್ ಎಂದು ಹೆಸರು. ಗಂಧ, ಲಾವಂಚದ ಬೇರು, ಲವಂಗ, ಒಣ ಹೂವುಗಳನ್ನು ಕೆಂಡಕ್ಕೆ ಹಾಕಿ ಒದ್ದೆ ಕೂದಲನ್ನು ಮೇಲೆ ಹರಡುತ್ತಾರೆ. ನಮ್ಮ ಬಾಣಂತಿಯರ ತಲೆಗೆ ಸಾಂಬ್ರಾಣಿ ಹೊಗೆ ಹಾಕಿದ ಹಾಗೆಯೇ. ಇಲ್ಲಿ ಸುಮ್ನೆ ಹೋಲಿಕೆಗಿಂತ ಹೆಚ್ಚಿನ ನಂಟಿದೆ. ಸಾಂಬ್ರಾಣಿಯ ದೊಡ್ಡ ತವರು ಜಾವಾದ ಪಕ್ಕದ ಸುಮಾತ್ರಾ ದ್ವೀಪ. ಅಲ್ಲಿ ಅದರ ಹೆಸರು ಕೆಮೆನ್ಯಾನ್. ಅರಬ್ ವ್ಯಾಪಾರಿಗಳು ಅದನ್ನು ಲುಬಾನ್ ಜಾವಿ ಅಂದರು, ಜಾವಾದ ಧೂಪ ಅಂತ. ಅವರಿಗೆ ಸುಮಾತ್ರಾವೂ ಜಾವಾವೇ. ಅದೇ ಹೆಸರು ಯುರೋಪಿಗೆ ಹೋಗಿ ಬೆಂಜೊಯಿನ್ ಆಯಿತು. ಕೂದಲಿಗೆ ಹೊಗೆ ಹಾಕುವಾಗ ಕಿಟಕಿ ತೆರೆದಿಡಿ, ಆಸ್ತಮಾ ಇದ್ದರೆ ಬಿಟ್ಟುಬಿಡಿ. ಸ್ಪಾಗಳಲ್ಲಿ ಹೆಂಗಸರ ಗುಪ್ತಾಂಗಕ್ಕೂ ಈ ಹೊಗೆ ಕೊಡುತ್ತಾರೆ. ಅದು ಬೇಡವೇ ಬೇಡ. ಸುಡುತ್ತದೆ, ಒಳಗಿನ ಒಳ್ಳೆಯ ಸೂಕ್ಷ್ಮಜೀವಿಗಳ ಸಮತೋಲ ಕೆಡುತ್ತದೆ.

ಇನ್ನು ಬಾಣಂತನ. ನನ್ನ ಲೆಕ್ಕದಲ್ಲಿ ಜಾವಾದ ಈ ಇಡೀ ತಿಳಿವಳಿಕೆಯ ಹೃದಯ ಇಲ್ಲಿದೆ. ನಲವತ್ತು ದಿನ ತಾಯಿಯ ಮೈಗೆ ಮೂರು ಬಗೆಯ ಲೇಪ. ಹಣೆಗೆ ಪಿಲಿಸ್, ಹೊಟ್ಟೆಗೆ ತಪೆಲ್, ಕೈಕಾಲಿಗೆ ಪರೆಮ್. ಪರೆಮ್ ಅಕ್ಕಿ, ಶುಂಠಿ, ಕೆಂಚುರ್ ಅರೆದದ್ದು, ಬೆಚ್ಚಗೆ ಮಾಡುತ್ತದೆ. ಹೊಟ್ಟೆಗೆ ಉದ್ದನೆಯ ಬಟ್ಟೆ ಸುತ್ತುತ್ತಾರೆ, ಅದು ಬೆಂಗ್‌ಕುಂಗ್. ಸೂಲಗಿತ್ತಿಯೇ ಬಂದು ಮೈ ತಿಕ್ಕಿ, ಬಟ್ಟೆ ಕಟ್ಟಿ ಹೋಗುತ್ತಾಳೆ. ಹೆತ್ತವಳನ್ನು ದಿನವೂ ಒಬ್ಬರು ಮುಟ್ಟಿ ವಿಚಾರಿಸುತ್ತಾರೆ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಆ ಆರೈಕೆ ಯಾವ ಡಬ್ಬಿಯಲ್ಲೂ ಬರುವುದಿಲ್ಲ. ಬಟ್ಟೆ ಮಾತ್ರ ಬಿಗಿಯಾಗಬಾರದು, ಸಿಸೇರಿಯನ್ ಆಗಿದ್ದರೆ ವೈದ್ಯರನ್ನು ಕೇಳಿಯೇ ಕಟ್ಟಬೇಕು.

ಎದೆಹಾಲಿಗೆ ಕಾತುಕ್ ಸೊಪ್ಪಿನ ಸಾರು ಕೊಡುತ್ತಾರೆ. ಕಾತುಕ್ ನಮ್ಮ ಚಕ್ರಮುನಿ ಸೊಪ್ಪು. ಬೇಯಿಸಿ, ಊಟಕ್ಕೆ ತಕ್ಕಷ್ಟು ತಿನ್ನಿ. 1990ರ ದಶಕದಲ್ಲಿ ತೈವಾನಿನಲ್ಲಿ ಸಣ್ಣಗಾಗಲೆಂದು ಇದರ ಹಸಿ ರಸವನ್ನು ದಿನವೂ ಜಾಸ್ತಿ ಕುಡಿದು ಎಷ್ಟೋ ಜನರ ಶ್ವಾಸಕೋಶ ಹಾಳಾಯಿತು. ಸೊಪ್ಪು ಅದೇ, ಬಳಸಿದ ರೀತಿ ಬೇರೆ.

ಪುಡಿ, ಮಾತ್ರೆ ರೂಪದ ಜಾಮು ಕೊಳ್ಳುವವರಿಗೂ ಒಂದು ಎಚ್ಚರಿಕೆ. ಇಂಡೊನೇಷ್ಯಾದ ಔಷಧ ನಿಯಂತ್ರಣ ಸಂಸ್ಥೆ ಬಿಪಿಒಎಂ, ಲೇಬಲ್ಲಿನಲ್ಲಿ ಹೇಳದೆ ಸ್ಟಿರಾಯ್ಡ್, ನೋವಿನ ಮಾತ್ರೆ ಬೆರೆಸಿದ ಜಾಮುಗಳ ಪಟ್ಟಿಯನ್ನು ಮತ್ತೆ ಮತ್ತೆ ಹೊರಡಿಸಿದೆ. ಒಂದೇ ದಿನದಲ್ಲಿ ಕೀಲುನೋವು ಮಾಯವಾದರೆ ಖುಷಿಪಡುವ ಬದಲು ಅನುಮಾನಪಡಿ. ಆನ್‌ಲೈನಿನಲ್ಲಿ ತರಿಸುವ ಮುಂಚೆ ನೋಂದಣಿ ಸಂಖ್ಯೆ ಇದೆಯಾ ನೋಡಿ.

[ದೃಶ್ಯ: ಮತ್ತೆ ಅಡುಗೆಮನೆ. ಪಾತ್ರೆಯ ಮುಚ್ಚಳ ತೆಗೆಯುವುದು.]

ಇಗೋ, ಆರಿದೆ. ತೆಳು ಬಟ್ಟೆಯಲ್ಲಿ ಸೋಸಿ, ಗಾಜಿನ ಬಾಟಲಿಗೆ ತುಂಬಿ. ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ. ಜಾವಾದ ಹುಡುಗಿಯರು ಇದನ್ನು ಹೆಚ್ಚಾಗಿ ಮುಟ್ಟಿನ ದಿನಗಳಲ್ಲಿ ಕುಡಿಯುತ್ತಾರೆ. ಹೊಟ್ಟೆನೋವು ಜೋರಾಗಿದ್ದರೆ ಇದನ್ನೇ ನಂಬಿ ಕೂರಬೇಡಿ, ವೈದ್ಯರಿಗೆ ತೋರಿಸಿ. ಬಸುರಿಯರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ಕುಡಿಯುವ ಮುಂಚೆ ಕೇಳಬೇಕು. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ಬಿಟ್ಟು ಮಾಡಿ.

ಬಗ್ಗಿಸುವ ಮುಂಚೆ ಬಾಟಲಿ ಚೆನ್ನಾಗಿ ಅಲ್ಲಾಡಿಸಿ. ಅರಿಶಿನದ ಗಸಿ ತಳಕ್ಕೆ ಇಳಿದಿರುತ್ತದೆ. ಬೀದಿಯಲ್ಲಿ ಮಾರುವವರೂ ಪ್ರತಿ ಲೋಟಕ್ಕೂ ಹಾಗೇ ಮಾಡುತ್ತಾರೆ. ಮೊದಲ ಗುಟುಕಿಗೆ ಹುಳಿ, ಆಮೇಲೆ ಬೆಲ್ಲ, ಕೊನೆಗೆ ಗಂಟಲಲ್ಲಿ ಹಸಿ ಅರಿಶಿನದ ಮಣ್ಣಿನ ವಾಸನೆ. ನಿಮಗೂ ಒಂದು ಲೋಟ ಬಗ್ಗಿಸಿದ್ದೇನೆ.