ತಕದಿಮಿಯ 16 ಗುಂಡಿಗಳು

ಕೇಳುಗರಿಗೆ ನಮಸ್ಕಾರ. ಕೈ ಬಿಡುವಾಗಿದ್ದರೆ ತೊಡೆಯ ಮೇಲೆ ಒಂದು ತಾಳ ಹಾಕಿ. ಬಾಯಲ್ಲಿ ತಕದಿಮಿ, ತಕದಿಮಿ, ತಕದಿಮಿ, ತಕದಿಮಿ. ನಾಲ್ಕು ಪೆಟ್ಟು, 16 ಅಕ್ಷರ. ಮೈಸೂರಿನಲ್ಲಿ ಮೃದಂಗ ಪಾಠ ನಡೆಯುವ ಯಾವ ಮನೆಯ ಮುಂದೆ ನಿಂತರೂ ಕಿವಿಗೆ ಬೀಳುವ ಲೆಕ್ಕ ಇದು. ಈಗ ನಾಲ್ಕೂ 'ತ' ಅಕ್ಷರಗಳ ಮೇಲೆ ದಪ್ಪ ಡ್ರಮ್ಮಿನ ಒಂದೊಂದು ಗುದ್ದು ಇಡಿ. ಎರಡನೆಯ ಮತ್ತು ನಾಲ್ಕನೆಯ 'ತ' ಬಂದಾಗ ಚಪ್ಪಾಳೆ ಸೇರಿಸಿ. ಪ್ರತಿ 'ದಿ' ಬಂದಾಗ ಜೋಡಿ ಸಿಂಬಲ್ಲಿನ 'ಚ್ಸ್' ಎಂಬ ಸದ್ದು. ಹೌಸ್ ಎಂದು ಕರೆಯುವ ನೃತ್ಯ ಸಂಗೀತದ ಎಲುಬಿನ ಗೂಡು ಇಷ್ಟೇ. ನಿಮಿಷಕ್ಕೆ 125 ಪೆಟ್ಟಿನ ವೇಗದಲ್ಲಿ ಹಿಡಿದರೆ ಒಂದು ಪೆಟ್ಟಿಗೆ 0.48 ಸೆಕೆಂಡು, ಒಂದು ಅಕ್ಷರಕ್ಕೆ 0.12 ಸೆಕೆಂಡು. ಈ 0.12 ನೆನಪಿರಲಿ, ಮಂಡ್ಯದ ಗಣೇಶನ ಮೆರವಣಿಗೆಗೆ ಹೋದಾಗ ಬೇಕಾಗುತ್ತದೆ.

ಈ 16 ಅಕ್ಷರಗಳನ್ನು ಸಾಲಾಗಿ 16 ಗುಂಡಿ ಮಾಡಿ ಇಟ್ಟದ್ದು ಜಪಾನಿನ ರೋಲ್ಯಾಂಡ್ ಕಂಪನಿಯ ಟಿಆರ್-808 ಯಂತ್ರ, 1980ರಲ್ಲಿ. ಮೊದಲ ನಾಲ್ಕು ಗುಂಡಿ ಕೆಂಪು, ಮುಂದಿನ ನಾಲ್ಕು ಕಿತ್ತಳೆ, ಆಮೇಲೆ ಹಳದಿ, ಕೊನೆಗೆ ಬಿಳಿ. ಒಂದು ಬಣ್ಣಕ್ಕೆ ಒಂದು ತಕದಿಮಿ. ಯಾವ ಗುಂಡಿ ಒತ್ತುತ್ತೀರೋ ಆ ಅಕ್ಷರದಲ್ಲಿ ಪೆಟ್ಟು ಬೀಳುತ್ತದೆ, ಒತ್ತದಿದ್ದರೆ ಅಲ್ಲಿ ಮೌನ. ಮಾಡಿದ್ದು ಸುಮಾರು 12,000 ಯಂತ್ರ, 1983ಕ್ಕೆ ತಯಾರಿಕೆ ನಿಂತಿತು. ನಿಜವಾದ ಡ್ರಮ್ಮಿನಂತೆ ಕೇಳುವುದಿಲ್ಲ ಎನ್ನುವುದೇ ದೂರು. ದೂರು ಸರಿಯಾಗಿಯೇ ಇತ್ತು. ಒಳಗೆ ಡ್ರಮ್ಮಿನ ಧ್ವನಿಮುದ್ರಣ ಇರಲೇ ಇಲ್ಲ. ದಪ್ಪ ಡ್ರಮ್ಮು ಎಂದರೆ ಸುಮಾರು 50 ಹರ್ಟ್ಸಿನಲ್ಲಿ ಒಮ್ಮೆ ಕೆರಳಿ ನಿಧಾನಕ್ಕೆ ಆರಿಹೋಗುವ ಒಂದು ವಿದ್ಯುತ್ ಕಂಪನ. ಸಿಂಬಲ್ ಎಂದರೆ ಒಂದಕ್ಕೊಂದು ಹೊಂದದ ಆರು ಆಂದೋಲಕಗಳ ಕೂಗನ್ನು ಸೋಸಿ ತೆಗೆದ ಸದ್ದು. 'ಸ್ಸ್' ಎಂಬ ಗದ್ದಲಕ್ಕೆ ದೋಷವಿರುವ ಟ್ರಾನ್ಸಿಸ್ಟರುಗಳನ್ನೇ ಆರಿಸಿ ಕೊಂಡೆವು ಎಂದು ಸ್ಥಾಪಕ ಇಕುತಾರೊ ಕಕೆಹಾಶಿ ಮುಂದೆ ಹೇಳಿದ್ದಾರೆ. ಅಂದಹಾಗೆ, ಆ 50 ಹರ್ಟ್ಸಿನ ಗುದ್ದನ್ನು ಈಗ ಇಲ್ಲಿಂದ ಕೇಳಿಸಿದರೂ ನಿಮ್ಮ ಅಂಗೈಯಗಲದ ರೇಡಿಯೋ ಅದನ್ನು ನುಂಗಿಬಿಡುತ್ತದೆ.

ಅನುಕರಣೆಯಲ್ಲಿ ಸೋತ ಯಂತ್ರ ಸೆಕೆಂಡ್ ಹ್ಯಾಂಡ್ ಅಂಗಡಿ ಸೇರಿತು, ಬೆಲೆ ಇಳಿಯಿತು, ಕಾಸಿಲ್ಲದ ಹುಡುಗರ ಕೈಗೆ ಬಂತು. ಅವರಿಗೆ ಬೇಕಾದದ್ದು ಡ್ರಮ್ಮಿನ ನಕಲಲ್ಲ, ಆಯಾಸವಿಲ್ಲದ ಸಮ. ಡಿಸ್ಕೊ ಕಾಲದ ಡ್ರಮ್ಮರು ಎಷ್ಟೇ ಗಟ್ಟಿಗನಾದರೂ ಹಾಡು ಏರಿದಂತೆ ಕೂದಲೆಳೆಯಷ್ಟು ಓಡುತ್ತಾನೆ. ಕುಣಿಯುವವರಿಗೆ ಅದರಿಂದ ತೊಂದರೆಯಿಲ್ಲ. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಹೊಲಿಯುವ ಡಿಜೆಗೆ ಇದೆ.

ಹೊಲಿಗೆಯ ಲೆಕ್ಕ ನೋಡಿ. ಒಂದು ರೆಕಾರ್ಡು ನಿಮಿಷಕ್ಕೆ 120 ಪೆಟ್ಟು, ಇನ್ನೊಂದು 121. ಎರಡನ್ನೂ ಒಂದೇ ಸಮದಲ್ಲಿ ಬಿಟ್ಟರೂ ಪೆಟ್ಟಿಗೆ 4 ಮಿಲಿಸೆಕೆಂಡಿನಂತೆ ಜಾರುತ್ತವೆ. 30 ಪೆಟ್ಟಿಗೆ, ಅಂದರೆ 15 ಸೆಕೆಂಡಿಗೆ, ಒಂದು ಇಡೀ ಅಕ್ಷರ ತಪ್ಪುತ್ತದೆ: ಒಬ್ಬ 'ತ' ಅನ್ನುವಾಗ ಇನ್ನೊಬ್ಬ 'ಕ' ಅನ್ನುತ್ತಿರುತ್ತಾನೆ. ಇದಕ್ಕೆ ಮದ್ದು 1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ತಿರುಗುಮಣೆಯ ಪಕ್ಕದಲ್ಲಿರುವ ಜಾರುಪಟ್ಟಿ. ವೇಗವನ್ನು ಶೇಕಡ 8ರಷ್ಟು ಏರಿಸಬಹುದು, ಅಷ್ಟೇ ಇಳಿಸಬಹುದು. ಹೆಡ್‌ಫೋನಿನಲ್ಲಿ ಕೇಳುತ್ತ ಪಟ್ಟಿಯಿಂದ ವೇಗ ಹೊಂದಿಸಿ, ಉಳಿದ ಚೂರು ವ್ಯತ್ಯಾಸಕ್ಕೆ ತಟ್ಟೆಯ ಅಂಚನ್ನು ಬೆರಳಿನಿಂದ ನೂಕುವುದೋ ತಡೆಯುವುದೋ ಮಾಡಬೇಕು. ರಬ್ಬರ್ ಬೆಲ್ಟಿನ ಮಣೆಯಲ್ಲಿ ಇದು ಆಗದು: ಬೆರಳು ಒತ್ತಿದಾಗ ಬೆಲ್ಟು ಹಿಗ್ಗಿ ಜಾರುತ್ತದೆ, ಬಿಟ್ಟ ಮೇಲೂ ತಟ್ಟೆ ತಡವರಿಸುತ್ತದೆ. ಮೋಟಾರಿನ ಅಚ್ಚಿನ ಮೇಲೇ ತಟ್ಟೆ ಕೂತ ಟೆಕ್ನಿಕ್ಸ್ ನಿಂತಲ್ಲಿಂದ ಪೂರ್ಣ ವೇಗಕ್ಕೆ 0.7 ಸೆಕೆಂಡಿನಲ್ಲಿ ಬರುತ್ತದೆ. ಒಂದು ತೊಡಕು ಮಾತ್ರ ಉಳಿಯುತ್ತದೆ. ವೇಗ ಶೇಕಡ 6 ಏರಿದರೆ ಶ್ರುತಿ ಅರ್ಧ ಮನೆ ಏರುತ್ತದೆ. ಒಂದು ಮನೆಯಲ್ಲಿ ಹಾಡಿದವಳು ಒಂದೂವರೆಗೆ ಹೋಗುತ್ತಾಳೆ. ಗುದ್ದು ಕೂಡಿದರೂ ರಾಗ ಕಚ್ಚಾಡುವುದು ಇಲ್ಲೇ.

ಅಮೆರಿಕದ ಶಿಕಾಗೋ ಊರಿನಲ್ಲಿ 1979ರ ಜುಲೈ 12ರಂದು ಬೇಸ್‌ಬಾಲ್ ಮೈದಾನವೊಂದರಲ್ಲಿ ಡಿಸ್ಕೊ ಬೇಡವೆಂದವರು ಡಿಸ್ಕೊ ರೆಕಾರ್ಡುಗಳ ರಾಶಿಗೆ ಸಿಡಿಮದ್ದಿಟ್ಟು ಹಾರಿಸಿದರು. ಅದೇ ಊರಿನ ವೇರ್‌ಹೌಸ್ ಕ್ಲಬ್ಬಿನಲ್ಲಿ ಫ್ರ್ಯಾಂಕಿ ನಕಲ್ಸ್ ಎಂಬ ಡಿಜೆ 1977ರಿಂದಲೇ ಕಪ್ಪು ಜನರ, ಲ್ಯಾಟಿನೊ ಜನರ, ಸಲಿಂಗಿಗಳ ಗುಂಪನ್ನು ಕುಣಿಸುತ್ತಿದ್ದ. ಹೌಸ್ ಎಂಬ ಹೆಸರು ಆ ಕ್ಲಬ್ಬಿನ ಹೆಸರಿನ ಬಾಲ. ಹೌಸಿನ ಸೋದರನಂತಿರುವ ಡೆಟ್ರಾಯಿಟ್ ನಗರದ ಟೆಕ್ನೋ ಸಂಗೀತ ಮೂಡಿಸಿದ ಹ್ವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಮೂವರೂ ಬೆಲ್ವಿಲ್ ಎಂಬ ಸಣ್ಣ ಊರಿನ ಶಾಲಾ ಗೆಳೆಯರು. ಬೆಲ್ವಿಲ್ಲಿನಿಂದ ಡೆಟ್ರಾಯಿಟಿಗೆ ಹೆಚ್ಚು ಕಡಿಮೆ ಮಂಡ್ಯದಿಂದ ಮೈಸೂರಿನಷ್ಟು ದೂರ.

ಇನ್ನೊಂದು ಸೋತ ಯಂತ್ರ ರೋಲ್ಯಾಂಡಿನದೇ ಟಿಬಿ-303, 1981ರದು. ಬೇಸ್ ಗಿಟಾರಿನವನಿಲ್ಲದೆ ಅಭ್ಯಾಸ ಮಾಡುವವರಿಗೆಂದು ಮಾಡಿದ್ದು. ಸ್ವರಗಳನ್ನು ಒಂದು ಸುತ್ತು, ಕಾಲವನ್ನು ಇನ್ನೊಂದು ಸುತ್ತು ಬೇರೆ ಬೇರೆಯಾಗಿ ತುಂಬಬೇಕು. ಎಣಿಕೆಯಲ್ಲಿ ಒಂದು ತಪ್ಪಿದರೆ ಮುಂದಿನ ಸ್ವರಗಳೆಲ್ಲ ಬೇರೆಯವರ ಕುರ್ಚಿಯಲ್ಲಿ ಕೂರುತ್ತವೆ. 1987ರಲ್ಲಿ ಶಿಕಾಗೋದ ಫ್ಯೂಚರ್ ತಂಡ ಸ್ವರಗಳನ್ನು ಹಾಗೇ ಬಿಟ್ಟು, ನಾದ ಸೋಸುವ ತಿರುಪುಗಳನ್ನೇ ತಿರುಗಿಸುತ್ತ ಹೋಯಿತು. ಆ ಕಿರುಚು ನಾದಕ್ಕೆ ಆಸಿಡ್ ಹೌಸ್ ಎಂದು ಹೆಸರಾಯಿತು.

ಅದಕ್ಕೆ ಐದು ವರ್ಷ ಮೊದಲೇ, 1982ರಲ್ಲಿ, ಸಿನಿಮಾ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಮುಂಬೈಯ ಚರಣ್‌ಜಿತ್ ಸಿಂಗ್ ಇದೇ 808, ಇದೇ 303 ಮತ್ತು ರೋಲ್ಯಾಂಡಿನ ಜುಪಿಟರ್-8 ಸಿಂಥಸೈಜರ್ ಇಟ್ಟುಕೊಂಡು ಡಿಸ್ಕೊ ತಾಳಕ್ಕೆ ಹತ್ತು ರಾಗ ನುಡಿಸಿದ ರೆಕಾರ್ಡು ತಂದರು. ಅದರ ಭೂಪಾಲಿ ನಮ್ಮ ಮೋಹನ, ಮಾಲಕೌಂಸ್ ನಮ್ಮ ಹಿಂದೋಳ. ಮಾರಾಟವಾಗದೆ ಮರೆತುಹೋಗಿ 2010ರಲ್ಲಿ ಮತ್ತೆ ಹೊರಬಂದಾಗ ಆಸಿಡ್ ಹೌಸ್ ಭಾರತದಲ್ಲೇ ಹುಟ್ಟಿತೆಂದು ಕೆಲವರು ಎದೆ ತಟ್ಟಿಕೊಂಡರು. ಶಿಕಾಗೋದವರು ಅದನ್ನು ಕೇಳಿ ಕಲಿತರು ಎನ್ನುವುದಕ್ಕೆ ಆಧಾರವಿಲ್ಲ. ಯಂತ್ರ ಒಂದೇ ಆದ್ದರಿಂದ ನಾದ ಹತ್ತಿರ ಬಂತು, ಅಷ್ಟೆ. 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಕರ್ಯವಿದೆ, ಜಾರಿನ ವೇಗ ಮಾತ್ರ ನಮ್ಮ ಕೈಯಲ್ಲಿಲ್ಲ. ಜಾರು ಬರುತ್ತದೆ, ಸ್ವರವನ್ನು ತೂಗಿ ಅಲುಗಿಸುವ ಕಂಪಿತ ಬಾರದು. ಹಿಂದೋಳದ ಗಾಂಧಾರ ಅಲ್ಲಿ ನೆಟ್ಟಗೆ ನಿಂತುಬಿಡುತ್ತದೆ.

ಈಗ ಮಂಡ್ಯ. ಟ್ರ್ಯಾಕ್ಟರಿನ ಮೇಲೆ ಸ್ಪೀಕರ್ ಪೆಟ್ಟಿಗೆ ಪೇರಿಸಿ ಬೀದಿ ಕುಣಿಸುವ ಪದ್ಧತಿಗೆ ಜಮೈಕಾದ ಕಿಂಗ್‌ಸ್ಟನ್ನಿನ 1950ರ ದಶಕದ ಸೌಂಡ್ ಸಿಸ್ಟಮ್‌ಗಳು ಹಿರಿಯಣ್ಣ. ಮೆರವಣಿಗೆ ಉದ್ದವಾದಾಗ ಮುಂದೊಂದು ಹಿಂದೊಂದು ಟ್ರ್ಯಾಕ್ಟರ್ ಇಟ್ಟು, ಒಂದೇ ಹಾಡನ್ನು ಎರಡಕ್ಕೂ ಕೊಡುವುದುಂಟು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ನಡುವೆ 40 ಮೀಟರು ಇದ್ದರೆ ಮುಂದಿನವರಿಗೆ ಹಿಂದಿನ ಗುದ್ದು 0.12 ಸೆಕೆಂಡು ತಡ, ಅಂದರೆ ಸರಿಯಾಗಿ ಒಂದು ಅಕ್ಷರ. ತಮಟೆಯವರು ಎಡವುವುದು ಅಲ್ಲೇ, ತಪ್ಪು ಅವರದಲ್ಲ. ಡಿಲೇ ಹಾಕಿ ಮುಂದಿನದನ್ನು 0.12 ತಡಮಾಡಿದರೆ ಮುಂದಿನವರಿಗೆ ಸರಿಹೋಗುತ್ತದೆ, ಹಿಂದಿನವರಿಗೆ ತಪ್ಪು 0.24 ಆಗುತ್ತದೆ. ಎಲ್ಲ ಪೆಟ್ಟಿಗೆಗಳನ್ನು ಒಂದೇ ಕಡೆ ಪೇರಿಸುವುದೇ ಉಪಾಯ.

ದಪ್ಪ ನಾದದ ಪೆಟ್ಟಿಗೆಗಳಿಗೆ ಇದು ಇನ್ನೂ ಮುಖ್ಯ. 50 ಹರ್ಟ್ಸಿನ ಅಲೆಯ ಉದ್ದ 6.8 ಮೀಟರು. ರಸ್ತೆಯ ಎರಡು ಬದಿಗೆ ಒಂದೊಂದು ಇಟ್ಟರೆ, ಒಂದಕ್ಕಿಂತ ಇನ್ನೊಂದು 3.4 ಮೀಟರು ದೂರವಾಗುವ ಜಾಗದಲ್ಲಿ ಎರಡೂ ಒಂದನ್ನೊಂದು ಅಳಿಸಿ ಗುದ್ದು ಬಹುಪಾಲು ಮಾಯ. ಆಪರೇಟರು ವಾಲ್ಯೂಮ್ ಏರಿಸುತ್ತಾನೆ. ಅಲ್ಲಿ ಗುದ್ದು ಬರುವುದಿಲ್ಲ, ಪಕ್ಕದ ಮನೆಯ ಕಿಟಕಿ ಗಾಜು ನಡುಗುತ್ತದೆ. ಎರಡರ ಸರಿ ನಡುವೆ ನಿಂತಾಗಲೂ ಗುದ್ದು ತೆಳುವಾಗಿದ್ದರೆ ಒಂದು ಪೆಟ್ಟಿಗೆಯ ಕೆಂಪು, ಕಪ್ಪು ತಂತಿ ಅದಲುಬದಲಾಗಿದೆ ಎಂದು ಅನುಮಾನಿಸಿ. ಆಂಪ್ಲಿಫೈಯರ್ ಆರಿಸಿ, ತಂತಿ ಕಳಚಿ, ಸ್ಪೀಕರಿನ ಕೆಂಪು ತುದಿಗೆ 1.5 ವೋಲ್ಟ್ ಸೆಲ್ಲಿನ ಧನ ತುದಿಯನ್ನೂ ಕಪ್ಪಿಗೆ ಋಣ ತುದಿಯನ್ನೂ ಒಂದು ಕ್ಷಣ ಮುಟ್ಟಿಸಿ. ಕಾಗದದ ಶಂಕು ಹೊರಕ್ಕೆ ಉಬ್ಬಿದರೆ ಆ ಸ್ಪೀಕರ್ ಸರಿ. ಒಳಕ್ಕೆ ಎಳೆದುಕೊಂಡರೆ ತಂತಿ ತಿರುಗಿಸಿ ಹಾಕಿ, ಮುಂದಿನ ಪೆಟ್ಟಿಗೆಗೆ ಹೋಗಿ.

ನಮಸ್ಕಾರ.