ಮರ ಇಳಿಸುವ ಖರ್ಚು ಮತ್ತು ಮರ ಹತ್ತಿದವರ ಸುರಕ್ಷತೆ

ಮಾನ್ಯರೇ, ಬಡಾವಣೆಯ ಎಲ್ಲ ನಿವಾಸಿ ಮಿತ್ರರೇ,

ಏಪ್ರಿಲ್, ಮೇ ತಿಂಗಳಲ್ಲಿ ಮುಂಗಾರುಪೂರ್ವದ ಗಾಳಿಮಳೆ ಶುರುವಾಯಿತೆಂದರೆ ಬೆಂಗಳೂರಿನಲ್ಲಿ ಮನೆ ಮುಂದಿನ ಮರದ ಬಗ್ಗೆ ಭಯವೂ ಶುರುವಾಗುತ್ತದೆ. ಆಗ ಮರ ಕಡಿಯುವವರನ್ನು ಕರೆಸಿ ನಾವು ಕೇಳುವ ಮೊದಲ ಪ್ರಶ್ನೆ, ‘ಇದಕ್ಕೆ ಎಷ್ಟಾಗುತ್ತದೆ?’ ಎಂಬುದು. ಮೂವರನ್ನು ಕೇಳಿದರೆ ಮೂರು ಬೆಲೆ ಬರುತ್ತದೆ. ಎಲ್ಲಕ್ಕಿಂತ ಕಡಿಮೆ ಹೇಳಿದವರಿಗೆ ಕೆಲಸ ಸಿಗುತ್ತದೆ. ಈ ಬೆಲೆಗಳ ನಡುವಿನ ಅಂತರ ಯಾವುದರಿಂದ ಹುಟ್ಟುತ್ತದೆ, ಕಡಿಮೆಯಾದ ಹಣ ಯಾರ ಪಾಲಿನಿಂದ ಕಡಿತವಾಗುತ್ತದೆ ಎಂಬುದನ್ನು ಇಂದು ವಿವರವಾಗಿ ನೋಡೋಣ ಎಂದುಕೊಂಡಿದ್ದೇನೆ. ನನ್ನ ತಿಳಿವಳಿಕೆಯ ಮಟ್ಟಿಗೆ, ಹೆಚ್ಚಿನ ಸಂದರ್ಭಗಳಲ್ಲಿ ಅದು ಮರ ಹತ್ತುವವರ ಸುರಕ್ಷತೆಯಿಂದಲೇ ಕಡಿತವಾಗುತ್ತದೆ.

ಮರದ ಎತ್ತರ ಮತ್ತು ಸುತ್ತಳತೆ ಖರ್ಚನ್ನು ನಿರ್ಧರಿಸುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದಕ್ಕಿಂತ ಮುಖ್ಯವಾದದ್ದು ಮರದ ಕೆಳಗೆ ಏನಿದೆ ಎಂಬುದು. ಬಯಲಿನಲ್ಲಿ ನಿಂತ ಮಳೆಮರವನ್ನು ಬುಡದಲ್ಲಿ ಕೊಯ್ದು ಒಂದೇ ಸಲಕ್ಕೆ ಬೀಳಿಸಬಹುದು. ಅದೇ ಮರ ಒಂದು ಕಡೆ ಕಾಂಪೌಂಡು, ಇನ್ನೊಂದು ಕಡೆ ಕರೆಂಟಿನ ತಂತಿ, ನಡುವೆ ಶೀಟಿನ ಮಾಡು ಇರುವ ಓಣಿಯಲ್ಲಿದ್ದರೆ, ತುದಿಯಿಂದ ಆರಂಭಿಸಿ ಕೊಂಬೆ ಕೊಂಬೆಯನ್ನೂ, ಕೊನೆಗೆ ಕಾಂಡವನ್ನೂ ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸಬೇಕಾಗುತ್ತದೆ. ಮೊದಲನೆಯದು ಅರ್ಧ ದಿನದ ಕೆಲಸವಾದರೆ ಎರಡನೆಯದಕ್ಕೆ ಹಲವು ದಿನ ಬೇಕಾಗಬಹುದು. ಓಣಿಗೆ ಕ್ರೇನು ಬರುವಂತಿದ್ದರೆ ಅದರ ಬಾಡಿಗೆ ಸೇರಿದರೂ ಒಟ್ಟು ಖರ್ಚು ಕೆಲವೊಮ್ಮೆ ಇಳಿಯುತ್ತದೆ. ಏಕೆಂದರೆ ಆಗ ಮರದ ಮೇಲೆ ಮನುಷ್ಯರು ಕಳೆಯುವ ಹೊತ್ತು ಕಡಿಮೆಯಾಗುತ್ತದೆ.

ಹೀಗೆ ಇಳಿಸುವ ತುಂಡಿನ ತೂಕವನ್ನು ನಾವು ಸಾಮಾನ್ಯವಾಗಿ ತೀರಾ ಕಡಿಮೆ ಅಂದಾಜು ಮಾಡುತ್ತೇವೆ. ಎರಡಡಿ, ಅಂದರೆ ಸುಮಾರು 60 ಸೆಂಟಿಮೀಟರ್ ಅಡ್ಡಳತೆಯ ಹಸಿ ಕಾಂಡದ ಒಂದು ಮೀಟರ್ ಉದ್ದದ ತುಂಡು ಸುಮಾರು ಕಾಲು ಟನ್ ತೂಗುತ್ತದೆ. ಅದನ್ನು ಹಗ್ಗಕ್ಕೆ ಕಟ್ಟಿ ಕೊಯ್ದಾಗ ಅದು ಒಂದೆರಡು ಅಡಿ ಬಿದ್ದು ಹಗ್ಗದಲ್ಲಿ ಜಗ್ಗಿ ನಿಂತರೆ, ಆ ಕ್ಷಣದಲ್ಲಿ ಹಗ್ಗದ ಮೇಲೆ ಬೀಳುವ ಬಲ ತುಂಡಿನ ತೂಕದ ಹಲವು ಪಟ್ಟಾಗಬಹುದು. ಹಗ್ಗ ರಾಟೆಯ ಮೂಲಕ ಹಾದು ಕೆಳಗೆ ಬರುವುದರಿಂದ, ರಾಟೆ ಕಟ್ಟಿದ ಕವಲಿನ ಮೇಲೆ ಅದರ ಹೆಚ್ಚುಕಡಿಮೆ ಇಮ್ಮಡಿ ಭಾರ ಬೀಳುತ್ತದೆ. ಆ ಮರದ ಮೇಲೆಯೇ ಮನುಷ್ಯ ತನ್ನನ್ನು ಕಟ್ಟಿಕೊಂಡು ನಿಂತಿರುತ್ತಾನೆ. ಆದ್ದರಿಂದ ಕೆಳಗೆ ಹಗ್ಗ ಹಿಡಿದವರ ಕೈಚಳಕ ಬಹಳ ದೊಡ್ಡದು. ಅವರು ಹಗ್ಗವನ್ನು ಮರದ ಬುಡಕ್ಕೆ ಎರಡು ಮೂರು ಸುತ್ತು ಹಾಕಿ, ತುಂಡು ಬೀಳುತ್ತಿದ್ದಂತೆ ಸ್ವಲ್ಪ ಸ್ವಲ್ಪವೇ ಬಿಡುತ್ತಾ, ಒಮ್ಮೆಗೇ ಹಿಡಿದು ನಿಲ್ಲಿಸದೆ, ನಿಧಾನವಾಗಿ ತಡೆಯುತ್ತಾರೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದಿಲ್ಲ, ನೆಲದಲ್ಲಿ ಬಿದ್ದ ಹಗ್ಗದ ಸುರುಳಿಯೊಳಗೆ ಕಾಲಿಡುವುದಿಲ್ಲ. ಬೆಲೆ ಇಳಿಸಲು ಮೊದಲು ಕೈಬಿಡುವುದು ಈ ಕೆಳಗಿನ ಆಳನ್ನು ಎಂಬುದನ್ನು ದಯವಿಟ್ಟು ನೆನಪಿಡಬೇಕು.

ಮರದ ಆರೋಗ್ಯವೂ ಖರ್ಚನ್ನು ಬದಲಿಸುತ್ತದೆ. ಒಣಗಿದ ಮರ ಹಗುರ, ಹಾಗಾಗಿ ಅಗ್ಗ ಎಂದು ಭಾವಿಸುವವರಿದ್ದಾರೆ. ವಾಸ್ತವವಾಗಿ ಒಣಮರವೇ ಹೆಚ್ಚು ಅಪಾಯಕಾರಿ. ಅದರ ಕೊಂಬೆ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ, ಹಗ್ಗ ಕಟ್ಟಲು ನಂಬಿಕೆಯ ಕವಲೇ ಸಿಗುವುದಿಲ್ಲ. ನಮ್ಮ ರಸ್ತೆಬದಿಯ ಗುಲ್‌ಮೊಹರ್ ಮರಗಳ ಬೇರು ಹೆಚ್ಚು ಆಳಕ್ಕೆ ಇಳಿದಿರುವುದಿಲ್ಲ. ಚರಂಡಿಗೆ, ಕೇಬಲ್ಲಿಗೆಂದು ಅಗೆಯುವಾಗ ಒಂದು ಬದಿಯ ಬೇರುಗಳು ಕತ್ತರಿಸಿಹೋಗಿದ್ದರೆ, ಮೇಲೆ ಹಸಿರಾಗಿ ಹೂಬಿಟ್ಟಿರುವ ಮರವೂ ಬುಡಸಮೇತ ಉರುಳಬಹುದು. ಕಾಂಡದ ಸುತ್ತ ಸಿಮೆಂಟು ಹಾಕಿದಲ್ಲಿ ಬುಡದ ಕೊಳೆತ ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಅನುಭವಿಗಳು ಬೆಲೆ ಹೇಳುವ ಮೊದಲು ಬುಡವನ್ನು ಸುತ್ತಿ ನೋಡುತ್ತಾರೆ, ತೊಗಟೆಯನ್ನು ಮರದ ಸುತ್ತಿಗೆಯಿಂದ ಬಡಿದು ಟೊಳ್ಳಿನ ಸದ್ದು ಬರುತ್ತದೆಯೇ ಎಂದು ಕೇಳುತ್ತಾರೆ, ಬುಡದಲ್ಲಿ ಗಟ್ಟಿಯಾದ ಅಣಬೆ ಎದ್ದಿದೆಯೇ, ಒಂದು ಕಡೆ ಮಣ್ಣು ಉಬ್ಬಿ ಬಿರುಕು ಬಿಟ್ಟಿದೆಯೇ ಎಂದು ಪರೀಕ್ಷಿಸುತ್ತಾರೆ. ಮೇಲೆ ಹೆಜ್ಜೇನು ಕಟ್ಟಿದ್ದರೆ ಅದನ್ನು ಸಂಜೆಯ ಮೇಲೆ, ಬಲ್ಲವರಿಂದ ಮೊದಲು ತೆರವುಗೊಳಿಸಬೇಕು. ಫೋಟೊ ನೋಡಿ ಫೋನಿನಲ್ಲೇ ಬೆಲೆ ಕಟ್ಟುವವರು ಇವುಗಳಲ್ಲಿ ಯಾವುದನ್ನೂ ನೋಡಿರುವುದಿಲ್ಲ.

ಇನ್ನು ವಿದ್ಯುತ್ತಿನ ವಿಚಾರ. ಬೀದಿಯ ಕಂಬಗಳ ಮೇಲೆ ಹಾದುಹೋಗುವ 11 ಕೆ.ವಿ. (11 ಸಾವಿರ ವೋಲ್ಟ್) ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ಹಸಿ ಕೊಂಬೆ, ನೆನೆದ ಹಗ್ಗ, ತೆಂಗಿನ ಗರಿ ಇವುಗಳ ಮೂಲಕವೇ ವಿದ್ಯುತ್ತು ಹರಿಯಬಲ್ಲದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ಮಾಡುವಾಗ, ಮೆಣಸು ಕೊಯ್ಯುವಾಗ ಅಲ್ಯುಮಿನಿಯಂ ಏಣಿ ತಂತಿಗೆ ತಗಲಿ ಕೂಲಿಕಾರರು ಪ್ರಾಣ ಕಳೆದುಕೊಂಡ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತೇವೆ. ಪ್ರತಿ ಸಲ ಓದಿದಾಗಲೂ ನನಗೆ ಸಂಕಟವಾಗುತ್ತದೆ, ಏಕೆಂದರೆ ಆ ಸಾವುಗಳಲ್ಲಿ ಬಹುಪಾಲು ತಪ್ಪಿಸಬಹುದಾದವು. ತಂತಿಯ ಹತ್ತಿರದ ಮರಕ್ಕೆ ವಿದ್ಯುತ್ ಕಂಪನಿಯವರಿಗೆ ಲಿಖಿತವಾಗಿ ತಿಳಿಸಿ, ಲೈನ್ ಬಂದ್ ಮಾಡಿಸಿ, ಅವರ ಸಿಬ್ಬಂದಿ ತಂತಿಯನ್ನು ನೆಲಕ್ಕೆ ಅರ್ಥ್ ಮಾಡಿದ ನಂತರವೇ ಕೆಲಸ ಆರಂಭವಾಗಬೇಕು. ಬೀದಿಯಲ್ಲಿ ಕರೆಂಟು ಹೋಗಿದೆ ಎಂಬುದು ಇದಕ್ಕೆ ಬದಲಾಗುವುದಿಲ್ಲ. ಯಾವುದೋ ಮನೆಯ ಜನರೇಟರಿನಿಂದ ತಪ್ಪು ಜೋಡಣೆಯ ಮೂಲಕ ವಿದ್ಯುತ್ತು ಹಿಮ್ಮುಖವಾಗಿ ತಂತಿಗೆ ಬರಬಹುದು, ಅಥವಾ ಹೇಳದೆ ಕೇಳದೆ ಲೈನ್ ಚಾಲೂ ಆಗಬಹುದು. ಲೈನ್ ಬಂದ್ ಆಗಲೆಂದು ಕಾಯುವ ದಿನದ ಕೂಲಿಯನ್ನೂ ಬೆಲೆಯಲ್ಲಿ ಸೇರಿಸಿದವರನ್ನು ದುಬಾರಿ ಎನ್ನುವುದು ನ್ಯಾಯವಲ್ಲ.

ಮರವನ್ನು ಇಡಿಯಾಗಿ ಬೀಳಿಸಲು ಜಾಗವಿದ್ದಲ್ಲಿಯೂ ಶಿಸ್ತು ಬೇಕು. ಬೀಳಬೇಕಾದ ದಿಕ್ಕಿನಲ್ಲಿ ಮೊದಲು ಕಾಂಡದಿಂದ ಬೆಣೆಯಾಕಾರದ ತುಂಡು ಕೊಯ್ದು ಬಾಯಿ ತೆಗೆಯುತ್ತಾರೆ, ಆಮೇಲೆ ಹಿಂದಿನಿಂದ ಕೊಯ್ಯುತ್ತಾರೆ. ಎರಡು ಕೊಯ್ತಗಳ ನಡುವೆ ಅಡ್ಡಳತೆಯ ಸುಮಾರು ಹತ್ತನೇ ಒಂದು ಭಾಗದಷ್ಟು ಮರವನ್ನು ಕೊಯ್ಯದೆ ಉಳಿಸುತ್ತಾರೆ. ಆ ಪಟ್ಟಿಯೇ ಬಾಗಿಲ ತಿರುಗಣಿಯಂತೆ ಮರವನ್ನು ಹಿಡಿದು ಗೊತ್ತಾದ ದಿಕ್ಕಿಗೆ ಇಳಿಸುತ್ತದೆ. ಅದನ್ನೂ ಕೊಯ್ದುಬಿಟ್ಟರೆ ಮರ ಎತ್ತ ಬೀಳುತ್ತದೆಂದು ಯಾರೂ ಹೇಳಲಾರರು. ಬಹಳ ವಾಲಿದ ಮರದಲ್ಲಿ ಹಿಂದಿನ ಕೊಯ್ತ ಮುಗಿಯುವ ಮೊದಲೇ ಕಾಂಡ ಉದ್ದಕ್ಕೆ ಸೀಳಿ, ಹಿಂದಕ್ಕೆ ಚಿಮ್ಮಿ ಕೊಯ್ಯುವವರ ಎದೆಗೆ ಬಡಿಯುವುದುಂಟು. ಕೆಲಸಕ್ಕೆ ಸಂಬಂಧವಿಲ್ಲದವರು ಮರದ ಎತ್ತರದ ಎರಡು ಪಟ್ಟು ದೂರದಲ್ಲಿರಬೇಕು, ಮೊಬೈಲಿನಲ್ಲಿ ಚಿತ್ರ ತೆಗೆಯುವವರಿಗೂ ಇದೇ ನಿಯಮ. ಗರಗಸದ ಯಂತ್ರದ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ. ಆ ಸರಪಳಿ ಸುತ್ತುವ ಲೋಹದ ಪಟ್ಟಿಯ ಮೂತಿಯ ಮೇಲ್ಭಾಗ ಎಲ್ಲಾದರೂ ತಗಲಿದರೆ ಯಂತ್ರ ಮುಖದತ್ತ ಎಗರುತ್ತದೆ. ಚಪ್ಪಲಿ ಹಾಕಿಕೊಂಡು, ಲುಂಗಿ ಎತ್ತಿ ಕಟ್ಟಿಕೊಂಡು ಆ ಯಂತ್ರ ಹಿಡಿದವರನ್ನು ಕಂಡರೆ ಕೆಲಸ ನಿಲ್ಲಿಸುವ ಹಕ್ಕು ಮನೆಯವರಿಗಿದೆ. ಹೆಲ್ಮೆಟ್ಟು, ಕಣ್ಣು ಕಿವಿಗಳ ರಕ್ಷಣೆ, ಗಟ್ಟಿ ಬೂಟು, ಕಾಲಿನ ರಕ್ಷಾಕವಚ, ಮೇಲೆ ಹತ್ತುವವರಿಗೆ ಸೊಂಟ ಮತ್ತು ತೊಡೆಗಳನ್ನು ಹಿಡಿಯುವ ಬೆಲ್ಟು ಇವು ಕನಿಷ್ಠ ಅಗತ್ಯಗಳು.

ಗಾಳಿಗೆ ಉರುಳಿ ಕಾರಿನ ಮೇಲೆಯೋ ಗೋಡೆಯ ಮೇಲೆಯೋ ಒರಗಿದ ಮರ ಇನ್ನೂ ಕಷ್ಟದ್ದು. ಅದರ ಕೊಂಬೆಗಳಲ್ಲಿ ಕೆಲವು ಬಿಲ್ಲಿನಂತೆ ಬಾಗಿ ಬಿಗಿದಿರುತ್ತವೆ. ತಪ್ಪು ಬದಿಯಲ್ಲಿ ಕೊಯ್ದರೆ ಸಿಡಿಯುತ್ತವೆ. ಕಾಂಡ ಕೊಯ್ದಾಗ ಎದ್ದು ನಿಂತಿದ್ದ ಬೇರಿನ ಗುಡ್ಡೆ ಮತ್ತೆ ಗುಂಡಿಗೆ ಕೂರುವುದೂ ಉಂಟು, ಅದರ ಹಿಂದೆ ಯಾರೂ ನಿಲ್ಲಬಾರದು. ಮಳೆ ನಿಲ್ಲುವ ಮೊದಲೇ, ಕತ್ತಲಲ್ಲೇ ತೆಗೆಯಿರಿ ಎಂದು ನಾವು ಒತ್ತಾಯಿಸುವುದರಿಂದ ದರವೂ ಏರುತ್ತದೆ, ಅಪಾಯವೂ ಏರುತ್ತದೆ. ಜೀವಕ್ಕೆ ತೊಂದರೆಯಿಲ್ಲದಿದ್ದರೆ ಬೆಳಗಿನವರೆಗೆ ಕಾಯುವುದು ಒಳಿತು.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮದೇ ನಿವೇಶನದ ಮರವಾದರೂ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಅರ್ಜಿ, ಸ್ಥಳ ಪರಿಶೀಲನೆ, ಆದೇಶ ಇವಕ್ಕೆ ಸಮಯ ಹಿಡಿಯುತ್ತದೆ, ಹಾಗಾಗಿ ಮಳೆಗಾಲಕ್ಕೆ ಬಹಳ ಮೊದಲೇ, ಚಳಿಗಾಲದಲ್ಲೇ ಅರ್ಜಿ ಹಾಕಬೇಕು. ಪರಿಶೀಲನೆಗೆ ಬಂದವರು ಒಣಕೊಂಬೆ ಸವರಿದರೆ ಸಾಕು ಎಂದರೆ ಅದನ್ನು ಗೆಲುವೆಂದೇ ತಿಳಿಯಿರಿ. ಮರವೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಕೊನೆಯದಾಗಿ, ಬೆಲೆ ಮಾತಾಡುವಾಗ ಒಂದು ಹಾಳೆಯಲ್ಲಿ ಕೆಲವನ್ನು ಬರೆಸಿಕೊಳ್ಳಬೇಕು: ಎಷ್ಟು ಜನ ಮೇಲೆ, ಎಷ್ಟು ಜನ ಕೆಳಗೆ ಇರುತ್ತಾರೆ, ಲೈನ್ ಬಂದ್ ಮಾಡಿಸುವ ಹೊಣೆ ಯಾರದು, ಕೆಲಸಗಾರರಿಗೆ ಅಪಘಾತ ವಿಮೆ ಇದೆಯೇ, ಅದರ ಪ್ರತಿಯನ್ನು ತೋರಿಸುತ್ತಾರೆಯೇ, ಕಾಂಪೌಂಡು ಒಡೆದರೆ ಯಾರು ಕಟ್ಟಿಕೊಡಬೇಕು, ದಿಮ್ಮಿ ಮತ್ತು ಸೌದೆ ಯಾರಿಗೆ ಸೇರುತ್ತದೆ, ಅದರ ಬೆಲೆಯನ್ನು ಕೂಲಿಯಲ್ಲಿ ಕಳೆದಿದ್ದಾರೆಯೇ, ಸೊಪ್ಪುಸದೆ ಸಾಗಿಸುವ ಲಾರಿ ಬಾಡಿಗೆ ಒಳಗೋ ಹೊರಗೋ, ಬುಡವನ್ನು ನೆಲಮಟ್ಟಕ್ಕೆ ಕೊಯ್ದು ಬಿಡುವುದೋ, ಬೇರುಸಹಿತ ಕೀಳುವುದೋ. ಬೇರು ಕೀಳುವುದಾದರೆ ನೀರಿನ ಪೈಪು, ಒಳಚರಂಡಿ ಎಲ್ಲಿ ಹಾದಿವೆ ಎಂಬುದನ್ನು ಅವರಿಗೆ ಮೊದಲೇ ತೋರಿಸುವ ಜವಾಬ್ದಾರಿ ನಮ್ಮದು.