ಸಹಿ ಹಾಕುವ ಮುನ್ನ ಓದಬೇಕಾದ ಹಾಳೆ

(ರಾಯಚೂರಿನಲ್ಲಿ ಬರಹಗಾರರು ಮತ್ತು ಪ್ರಕಾಶಕರ ಮುಂದೆ ನೀಡಿದ ಉಪನ್ಯಾಸ)

ಹಿರಿಯರೇ, ಪ್ರಕಾಶಕ ಮಿತ್ರರೇ, ಹೊಸದಾಗಿ ಬರೆಯುತ್ತಿರುವ ಗೆಳೆಯ ಗೆಳತಿಯರೇ,

ಮಾನ್ವಿ, ಸಿಂಧನೂರು, ಲಿಂಗಸುಗೂರಿನಿಂದ ಬಂದಿರುವ ನಿಮ್ಮಲ್ಲಿ ಹಲವರು ಮೊದಲ ಪುಸ್ತಕದ ಹಸ್ತಪ್ರತಿಯನ್ನು ಸಿದ್ಧಪಡಿಸಿಕೊಂಡಿದ್ದೀರಿ. ಆದ್ದರಿಂದ ಕೃತಿಸ್ವಾಮ್ಯ ಕಾಯ್ದೆಯ ಕಲಮುಗಳನ್ನೆಲ್ಲ ಓದಿ ಹೇಳುವುದಕ್ಕಿಂತ, ಪ್ರಕಾಶಕರು ನಿಮ್ಮ ಮುಂದಿಡುವ ಒಪ್ಪಂದದ ಹಾಳೆಯ ಬಗ್ಗೆಯೇ ಹೆಚ್ಚು ಮಾತನಾಡಲು ಬಯಸುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ನೋಂದಣಿ ಮಾಡಿಸದಿದ್ದರೆ ಹಕ್ಕೇ ಇಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ; ಅದು ತಪ್ಪು. 1958ರ ಜನವರಿ 21ರಿಂದ ಜಾರಿಯಲ್ಲಿರುವ 1957ರ ಕಾಯ್ದೆಯ ಪ್ರಕಾರ, ನೀವು ಸ್ವಂತವಾಗಿ ಬರೆದ ಕವಿತೆ ನೋಟುಬುಕ್ಕಿನಲ್ಲಿ ಮೂಡಿದಾಗಲೇ ಅದರ ಹಕ್ಕು ನಿಮ್ಮದಾಗುತ್ತದೆ. ನೋಂದಣಿಯು ವ್ಯಾಜ್ಯ ಬಂದಾಗ ಒದಗುವ ಸಾಕ್ಷ್ಯವಷ್ಟೆ. ಆದರೆ ಈ ಹಕ್ಕು ಬರವಣಿಗೆಗೇ ಹೊರತು ವಸ್ತುವಿಗಲ್ಲ. ತುಂಗಭದ್ರಾ ಕಾಲುವೆಯ ಕೊನೆ ಭಾಗದ ರೈತನ ಪಾಡನ್ನು ಯಾರು ಬೇಕಾದರೂ ಕಥೆಯಾಗಿಸಬಹುದು; ನೀವು ಅದನ್ನು ಕಟ್ಟಿದ ಬಗೆಯನ್ನು, ಬರೆದ ಮಾತುಗಳನ್ನು ಎತ್ತಿಕೊಳ್ಳುವಂತಿಲ್ಲ. ಸುಪ್ರೀಂ ಕೋರ್ಟು 1978ರಲ್ಲೇ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿದೆ.

ಈಗ ಆ ಹಾಳೆಗೆ ಬರೋಣ. ನನ್ನ ಮೊದಲ ಕಥಾಸಂಕಲನ ಅಚ್ಚಾದಾಗ ಪ್ರಕಾಶಕರೊಬ್ಬರು 25 ಗೌರವ ಪ್ರತಿಗಳನ್ನು ಕೊಟ್ಟು, ಪುಸ್ತಕ ಮುಟ್ಟಿದ್ದಕ್ಕೆ ಎಂದು ಒಂದು ಪತ್ರಕ್ಕೆ ಸಹಿ ಮಾಡಿಸಿಕೊಂಡರು. ಹೊಸ ಪುಸ್ತಕದ ವಾಸನೆಯಲ್ಲಿ ಮೈಮರೆತಿದ್ದ ನಾನು, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದ್ದ "ಸರ್ವ ಹಕ್ಕುಗಳನ್ನೂ ಪ್ರಕಾಶಕರಿಗೆ ವಹಿಸಿಕೊಟ್ಟಿದ್ದೇನೆ" ಎಂಬ ಸಾಲನ್ನು ಓದಲೇ ಇಲ್ಲ. ಆರು ವರ್ಷಗಳ ನಂತರ ಅದರಲ್ಲಿನ ಒಂದು ಕಥೆಯನ್ನು ಪಠ್ಯಕ್ಕೆ ಕೇಳಿಕೊಂಡು ಬಂದವರಿಗೆ ಆ ಪತ್ರವನ್ನೇ ತೋರಿಸಲಾಯಿತು. ನನ್ನ ಕೈ ಹಿಡಿದದ್ದು 19ನೇ ಕಲಮು. ವರ್ಗಾವಣೆ ಲಿಖಿತವಾಗಿರಬೇಕು, ವಹಿಸಿಕೊಡುವವರ ಸಹಿ ಇರಬೇಕು. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ರಾಯಲ್ಟಿ ಎಂಬುದು ಅದರಲ್ಲಿ ನಮೂದಾಗಿರಬೇಕು. ಅವಧಿಯನ್ನು ಹೇಳದಿದ್ದರೆ ಕಾನೂನು ಅದನ್ನು ಐದು ವರ್ಷವೆಂದು, ಪ್ರದೇಶವನ್ನು ಹೇಳದಿದ್ದರೆ ಭಾರತವೆಂದು ಪರಿಗಣಿಸುತ್ತದೆ. ನನ್ನ ಪತ್ರದಲ್ಲಿ ಅವಧಿಯೇ ಇರಲಿಲ್ಲವಾದ್ದರಿಂದ ಐದು ವರ್ಷ ಕಳೆದ ಮೇಲೆ ಕಥೆ ನನಗೆ ಮರಳಿತು. ಎಲ್ಲರ ಪತ್ರದಲ್ಲೂ ಆ ಸಾಲು ಬಿಟ್ಟುಹೋಗಿರುವುದಿಲ್ಲ. ಆದ್ದರಿಂದ ದಯವಿಟ್ಟು ಹಾಳೆಯನ್ನು ಮನೆಗೆ ಒಯ್ದು, ಎರಡು ಸಲ ಓದಿ, ಆಮೇಲೆ ಸಹಿ ಮಾಡಿ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದೆ ಹೋದರೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದಿದ್ದಲ್ಲಿ, ಆ ವರ್ಗಾವಣೆಯೂ ಬಿದ್ದುಹೋಗುತ್ತದೆ. ಹಸ್ತಪ್ರತಿ ಕೊಟ್ಟು ವರ್ಷಗಟ್ಟಲೆ ಕಾಯುತ್ತಿರುವವರು ಇದನ್ನು ಗಮನಿಸಬೇಕು.

ಪ್ರಕಾಶಕ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಸ್ಪಷ್ಟವಾದ ಒಪ್ಪಂದ ನಿಮಗೂ ರಕ್ಷಣೆ. ನಿಮ್ಮ ಪುಸ್ತಕದ ಪಿಡಿಎಫ್ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿದಾಗ ದೂರು ಕೊಡಲು ಆ ಹಾಳೆಯೇ ನಿಮ್ಮ ಆಧಾರ. ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದವರಿಗೆ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡವಿದೆ.

ಹಕ್ಕಿನ ಅವಧಿ ಲೇಖಕರ ಜೀವಿತಕಾಲ ಮತ್ತು ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ. ಬಳ್ಳಾರಿ ಸೀಮೆಯ ಬೀಚಿಯವರು 1980ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕು 2040ರ ಕೊನೆಯವರೆಗೂ ಇರುತ್ತದೆ. ಮಾನ್ವಿಯ ಜಗನ್ನಾಥದಾಸರ ಪದಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಆದರೆ ಅವಕ್ಕೆ ಇತ್ತೀಚೆಗೆ ಬರೆದ ಟಿಪ್ಪಣಿಯನ್ನೂ ಪ್ರಸ್ತಾವನೆಯನ್ನೂ ಎತ್ತಿಕೊಳ್ಳುವಂತಿಲ್ಲ.

ಕೊನೆಯದಾಗಿ, ಮೊಹರಂ ಸಮಯದಲ್ಲಿ ಮೊಬೈಲು ಹಿಡಿದು ರಿವಾಯತ್ ಪದಗಳನ್ನು ಸಂಗ್ರಹಿಸುವವರಿಗೆ ಒಂದು ಮಾತು. ಪರಂಪರೆಯ ಪದ ಯಾರ ಸ್ವತ್ತೂ ಅಲ್ಲದಿರಬಹುದು. ಆದರೆ ಹಾಡಿದವರಿಗೆ ತಮ್ಮ ಹಾಡುಗಾರಿಕೆಯ ಮೇಲೆ ಪ್ರದರ್ಶಕರ ಹಕ್ಕಿದೆ, ಅದು 50 ವರ್ಷದ್ದು. ಧ್ವನಿಮುದ್ರಣವನ್ನು ಎಲ್ಲಿ, ಯಾವುದಕ್ಕೆ ಬಳಸುತ್ತೀರಿ ಎಂಬುದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಬರೆದು, ಓದಿ ಹೇಳಿ, ಒಪ್ಪಿಗೆ ಪಡೆಯಿರಿ. ಓದುಬರಹ ಬಾರದವರಾದರೆ ಸಾಕ್ಷಿಯೊಬ್ಬರ ಎದುರು ಹೆಬ್ಬೆಟ್ಟಿನ ಗುರುತು ಹಾಕಿಸಿಕೊಳ್ಳಿ, ಅದರ ಒಂದು ಪ್ರತಿಯನ್ನು ಅವರ ಕೈಗೂ ಕೊಡಿ. ಪುಸ್ತಕ ಬಂದಾಗ ಅವರ ಹೆಸರು, ಅವರ ಊರು ಪದದ ಕೆಳಗೇ ಅಚ್ಚಾಗಿರಲಿ.